ವ್ಯಾನಿನಲ್ಲಿ ಒಂಬತ್ತು ದಿನ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮೋಸ ಅನ್ನಬಾರದು. ಎಂಬತ್ತಾರನೇ ಇಸವಿ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ, ದೋರ್ದೋನ್ ಮತ್ತು ಲಾಟ್ ಅನ್ನುವ ಎರಡು ನದಿಗಳ ಕಣಿವೆ ಹಿಡಿದು, ದ್ರಾಕ್ಷಿ ತೋಟಗಳ ನಡುವೆ, ಹತ್ತು ದಿನದಲ್ಲಿ ಇನ್ನೂರ ಹತ್ತು ಮೈಲಿ ಸೈಕಲ್ ತುಳಿದವಳು ನನ್ನ ಹೆಂಡತಿ ಪ್ರಭಾ. ನಾನು ತುಳಿದದ್ದು ಹನ್ನೊಂದು ಮೈಲಿ. ಮಿಕ್ಕ ದಾರಿಯನ್ನು ಲಗೇಜು ಸಾಗಿಸುವ ವ್ಯಾನಿನಲ್ಲಿ, ಬೇರೆಯವರ ಸೂಟ್‌ಕೇಸುಗಳ ಜೊತೆ ಕೂತು ಸವೆಸಿದೆ. ಇಷ್ಟೇ ವಿಷಯ. ಇಷ್ಟನ್ನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನೆವಾರ್ಕಿನ ನಮ್ಮ ಮನೆಯಲ್ಲಿ ನಾಲ್ಕು ಜನ ಸ್ನೇಹಿತರ ಮುಂದೆ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಬೇರೆಲ್ಲದಕ್ಕೂ ಬರುತ್ತೆ.

ನನ್ನ ಹೆಸರು ದ್ವಾರಕಾನಾಥ. ಮೈಸೂರಿನವನು, ಸಿವಿಲ್ ಇಂಜಿನಿಯರು, ವಾಲ್ನಟ್ ಕ್ರೀಕಿನ ಒಂದು ಆಫೀಸಿನಲ್ಲಿ ಕೆಲಸ. ಅಲ್ಲಿ ನನ್ನ ಬಾಸು ಕಾರ್ಲ್ ಅಂತ, ವರ್ಷಕ್ಕೊಂದು ದೇಶಕ್ಕೆ ಹೋಗಿ ಸೈಕಲ್ ತುಳಿದು ಬರುವ ಪ್ರಾಣಿ. ಒಂದು ದಿನ ಲಂಚಿನ ಹೊತ್ತಿನಲ್ಲಿ ಈ ಫ್ರಾನ್ಸ್ ಟೂರಿನ ಬ್ರೋಶರ್ ನನ್ನ ಮುಂದಿಟ್ಟು, ನಿನಗೆ ಸೈಕಲ್ ಅಭ್ಯಾಸ ಇದೆಯಾ ಅಂತ ಕೇಳಿದ. ಇಲ್ಲ ಅನ್ನಬಹುದಿತ್ತು. ನಮ್ಮೂರಲ್ಲಿ ಮಕ್ಕಳು ಹುಟ್ಟೋದೇ ಸೈಕಲ್ ಮೇಲೆ ಅಂದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಂಜನಗೂಡಿನ ಕಥೆಯನ್ನೂ ಹೇಳಿದೆ.

ನಂಜನಗೂಡಿನ ಕಥೆ ಬೇ ಏರಿಯಾದ ಕನ್ನಡಿಗರಿಗೆಲ್ಲ ಗೊತ್ತು, ಯಾಕೆಂದರೆ ನಾನು ಯಾರನ್ನೂ ಬಿಟ್ಟಿಲ್ಲ. ಕಾಲೇಜಿನ ದಿನಗಳಲ್ಲಿ ಪ್ರತಿ ಸೋಮವಾರ ಬೆಳಗ್ಗೆ ಮೈಸೂರಿನಿಂದ ನಂಜನಗೂಡಿಗೆ ಸೈಕಲ್ಲಿನಲ್ಲಿ ಹೋಗಿ, ಕಪಿಲೆಯಲ್ಲಿ ಮೂರು ಮುಳುಗು ಹಾಕಿ, ದೇವರಿಗೆ ಕೈಮುಗಿದು, ಮೊದಲ ಕ್ಲಾಸಿನ ಹೊತ್ತಿಗೆ ವಾಪಸು ಬರುತ್ತಿದ್ದೆ ಅನ್ನೋದು ಕಥೆ. ನಾನು ಹೋಗಿದ್ದು ಒಂದೇ ಸಲ. ಬರುವಾಗ ಸೈಕಲ್ಲು ಬಸ್ಸಿನ ಟಾಪಿನ ಮೇಲಿತ್ತು, ನಾನು ಒಳಗೆ ಕಿಟಕಿ ಪಕ್ಕದ ಸೀಟಿನಲ್ಲಿದ್ದೆ. ಕಾರ್ಲ್ ಇದನ್ನೆಲ್ಲ ಕೇಳಿ ತಲೆದೂಗಿ, ಹಾಗಾದರೆ ನೀನು ಹೋಗಲೇಬೇಕು ಅಂದ. ಆ ವಾರವೇ ಎರಡು ಸೀಟು ಬುಕ್ ಮಾಡಿದೆ.

ಪ್ರಭಾಗೆ ಆಗ ಸೈಕಲ್ ಬರುತ್ತಿರಲಿಲ್ಲ. ನಲವತ್ತೊಂದು ವರ್ಷ. ಮಗ ಡೇವಿಸ್ ಊರಿನ ಕಾಲೇಜಿಗೆ ಹೋಗುವಾಗ ಗರಾಜಿನಲ್ಲಿ ಬಿಟ್ಟುಹೋಗಿದ್ದ ಹಳೇ ಟೆನ್-ಸ್ಪೀಡ್ ಸೈಕಲ್ಲನ್ನು ತಳ್ಳಿಕೊಂಡು, ಮನೆ ಹತ್ತಿರದ ಸ್ಕೂಲಿನ ಪಾರ್ಕಿಂಗ್ ಲಾಟಿಗೆ ಹೋಗಿ, ಮಗನದೇ ಟ್ರ್ಯಾಕ್‌ಸೂಟು ಹಾಕಿಕೊಂಡು, ಬಿದ್ದು ಎದ್ದು ಮೂರು ವಾರದಲ್ಲಿ ಕಲಿತಳು. ಈ ವಯಸ್ಸಿಗೆ ಮೂಳೆ ಮುರಿದರೆ ಕೂಡಲ್ಲ ಅಂತ ನಾನು ಕಾರಿನಲ್ಲಿ ಕೂತು ಹೇಳುತ್ತಿದ್ದೆ. ಆಮೇಲೆ ಆರು ತಿಂಗಳು ದಿನಾ ಹತ್ತಿರದ ಕೊಯೋಟಿ ಹಿಲ್ಸ್ ಗುಡ್ಡಗಳ ತನಕ ಹೋಗಿ ಬರುತ್ತಿದ್ದಳು. ನಾನು ಒಂದು ದಿನವೂ ಹೋಗಲಿಲ್ಲ. ಹುಟ್ಟಾ ಸೈಕಲ್ ಸವಾರನಿಗೆ ಪ್ರಾಕ್ಟೀಸು ಯಾಕೆ ಬೇಕು?

ಅವಳು ಅಷ್ಟು ಹಟ ಹಿಡಿದದ್ದಕ್ಕೆ ಫ್ರಾನ್ಸ್ ಒಂದೇ ಕಾರಣ ಅಲ್ಲ. ನಮ್ಮ ಸ್ನೇಹಿತೆ ವೇದವತಿ ದಂತವೈದ್ಯೆ. ಕೊಲ್ಲಿಯ ಆಚೆ ದಡದ ಮೆನ್ಲೋ ಪಾರ್ಕಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದಾರೆ. ಅವರ ಫ್ರಂಟ್ ಡೆಸ್ಕಿನ ಹುಡುಗಿ ಅಕ್ಟೋಬರ್ ಕೊನೆಗೆ ಬಿಟ್ಟುಹೋಗುತ್ತಿದ್ದಳು, ಆ ಜಾಗಕ್ಕೆ ಪ್ರಭಾ ಆಸೆಪಟ್ಟಿದ್ದಳು. ಹದಿನೇಳು ವರ್ಷ ಈ ದೇಶದಲ್ಲಿ ಇದ್ದು, ಬಿ.ಎಸ್ಸಿ. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಮೊದಲನೇ ಸಲ ಅವಳು ತನಗೆ ಅಂತ ಕೇಳಿದ್ದು ಅದೊಂದೇ ಕೆಲಸ. ತೊಂದರೆ ಇದ್ದದ್ದು ಮಧ್ಯದ ಡಂಬಾರ್ಟನ್ ಸೇತುವೆ. ಒಂದು ಸಲ ಕಾರಿನಲ್ಲಿ ಅದರ ಮೇಲೆ ಹೋಗಿ, ಎರಡು ಕಡೆಯೂ ಟ್ರಕ್ಕು ಬಂದು, ಆ ಬದಿ ತಲುಪಿದ ಮೇಲೆ ಅರ್ಧ ಗಂಟೆ ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದಳು. ಅದಾದ ಮೇಲೆ ಫ್ರೀವೇ ಕಡೆ ತಲೆ ಹಾಕಲಿಲ್ಲ. ಅವಳನ್ನು ನಾನು ಬಿಡೋಣ ಅಂದರೆ ನನ್ನ ಆಫೀಸು ಉತ್ತರಕ್ಕೆ, ಅವಳದು ಪಶ್ಚಿಮಕ್ಕೆ.

ಆ ಸೇತುವೆ ಪಕ್ಕದಲ್ಲಿ ಸೈಕಲ್ ಹೋಗುವುದಕ್ಕೆ ಬೇರೆ ದಾರಿಯೇ ಇದೆ ಅನ್ನೋದನ್ನು ಕಂಡುಹಿಡಿದವಳೂ ಅವಳೇ. ಹನ್ನೊಂದು ಹನ್ನೆರಡು ಮೈಲಿ, ಒಂದು ಗಂಟೆ ಸ್ವಲ್ಪ ಹೆಚ್ಚು. ವೇದವತಿ ಒಪ್ಪಲಿಲ್ಲ.

"ದಿನಾ ಆ ಗಾಳಿಯಲ್ಲಿ ಹೋಗಿ ಬರೋದು ಅಂದ್ರೆ ಹುಡುಗಾಟ ಅಲ್ಲ ಪ್ರಭಾ. ನನ್ನ ಪೇಷಂಟುಗಳು ಬಾಗಿಲಲ್ಲಿ ಕಾಯ್ತಾ ನಿಂತಿರ್ತಾರೆ. ಫ್ರಾನ್ಸ್ ಮುಗಿಸ್ಕೊಂಡು ಬನ್ನಿ. ಅದನ್ನ ಪೂರ್ತಿ ತುಳಿದ್ರೆ ಇದನ್ನೂ ತುಳೀತೀರಿ, ಆಗ ಮಾತಾಡೋಣ" ಅಂದಿದ್ದರು.

ಅಂದರೆ ನನಗೆ ಫ್ರಾನ್ಸು ಬಡಾಯಿ, ಅವಳಿಗೆ ಪರೀಕ್ಷೆ.

ಫ್ರಾನ್ಸಿನಲ್ಲಿ ಆದದ್ದು ಇಷ್ಟು. 'ನಿಮ್ಮ ಲಗೇಜನ್ನು ನಮ್ಮ ವ್ಯಾನ್ ಹೊರುತ್ತದೆ' ಅಂತ ಬ್ರೋಶರಿನಲ್ಲಿ ಬರೆದಿತ್ತಲ್ಲ, ಆ ಒಂದು ವಾಕ್ಯವನ್ನು ನಂಬಿಕೊಂಡು ನಾನು ಮೂರು ಲೀಟರಿನ ಪ್ರೆಶರ್ ಕುಕ್ಕರು, ಕರೆಂಟಿನ ಒಲೆ, ಐದು ಪೌಂಡು ಸೋನಾ ಮಸೂರಿ, ಗೊಜ್ಜವಲಕ್ಕಿ, ಹುಳಿಪುಡಿ, ಮೆಂತ್ಯದ ಹಿಟ್ಟು ಎಲ್ಲ ಕಟ್ಟಿಕೊಂಡೆ. ಸಸ್ಯಾಹಾರಿಗಳು ಆ ದೇಶದಲ್ಲಿ ಬರೀ ಬ್ರೆಡ್ಡು ತಿಂದು ಸಾಯಬೇಕಾ? ಮೊದಲ ರಾತ್ರಿ ಹೋಟೆಲ್ ರೂಮಿನಲ್ಲಿ ಕುಕ್ಕರು ಮೂರು ಸಲ ಕೂಗಿದ್ದಕ್ಕೆ ಮ್ಯಾನೇಜರು, ಅವನ ಹೆಂಡತಿ, ಅವರ ನಾಯಿ ಮೂರೂ ಬಾಗಿಲಿಗೆ ಬಂದವು. ಹೊಟ್ಟೆ ತುಂಬಾ ಹುಳಿಯನ್ನ ತಿಂದು ಮಾರನೇ ದಿನ ಸೈಕಲ್ ಹತ್ತಿದೆ. ಹನ್ನೊಂದನೇ ಮೈಲಿಗೆ ಕೂರುವ ಜಾಗದಲ್ಲಿ ಬೆಂಕಿ ಬಿತ್ತು. ಬಾಯಲ್ಲಿ ಮಾತ್ರ ಮಂಡಿ ನೋವು ಅಂದೆ. ಹಿಂದೆ ಬರುತ್ತಿದ್ದ ವ್ಯಾನಿನ ಡ್ರೈವರ್, ಮಾರ್ಸೆಲ್ ಅಂತ ಅರವತ್ತು ದಾಟಿದ ಮುದುಕ, ಏನೂ ಕೇಳದೆ ಬಾಗಿಲು ತೆಗೆದ.

ಆಮೇಲೆ ನಾನು ಇಳಿಯಲಿಲ್ಲ. ನಾಳೆ ತುಳಿಯುತ್ತೇನೆ ಅಂತ ಒಂಬತ್ತು ದಿನವೂ ಹೇಳಿದೆ. ನಿಜ ಹೇಳಬೇಕೆಂದರೆ ಸುಖವಾಗಿದ್ದೆ. ಅವನಿಗೆ ಇಂಗ್ಲಿಷ್ ಇಲ್ಲ, ನನಗೆ ಫ್ರೆಂಚ್ ಇಲ್ಲ. ಅವನು ನನಗೆ ಪೀಚ್ ಹಣ್ಣು ಕೊಟ್ಟ, ನಾನು ಅವನಿಗೆ ಗೊಜ್ಜವಲಕ್ಕಿ ಕೊಟ್ಟೆ. ವ್ಯಾನು ಮುಂದಾಗಿ ಹೋಗಿ ದಿಬ್ಬದ ತುದಿಯಲ್ಲಿ ಊಟ ಜೋಡಿಸಬೇಕಿತ್ತು. ಅಲ್ಲಿ ನಿಂತು ನಾನು ನನ್ನ ನಿಕಾನ್ ಕ್ಯಾಮೆರಾದಲ್ಲಿ ಕೆಳಗಿನಿಂದ ಬರುವವರ ಫೋಟೋ ತೆಗೆಯುತ್ತಿದ್ದೆ. ದ್ರಾಕ್ಷಿ ಕೊಯ್ಲಿನ ಕಾಲ. ಸಾಲು ಸಾಲು ಗಿಡಗಳ ಮಧ್ಯೆ ಬುಟ್ಟಿ ಹೊತ್ತ ಹೆಂಗಸರು ನೆಟ್ಟಗೆ ನಿಂತು, ಹಣೆಗೆ ಕುಂಕುಮ ಇಟ್ಟು ಹೆಲ್ಮೆಟ್ಟು ಹಾಕಿದ ನನ್ನ ಹೆಂಡತಿಗೆ ಕೈಬೀಸುತ್ತಿದ್ದರು. ದೋಮ್ ಅಂತ ಒಂದು ಊರು, ಗುಡ್ಡದ ನೆತ್ತಿಯ ಮೇಲೆ. ಅದರ ದಾರಿಯಲ್ಲಿ ನಮ್ಮ ಗುಂಪಿನ ಹನ್ನೆರಡು ಜನರಲ್ಲಿ ಎಂಟು ಜನ ಇಳಿದು ತಳ್ಳಿದರು. ಪ್ರಭಾ ಇಳಿಯಲಿಲ್ಲ. ಮುಖ ಕೆಂಪಾಗಿ, ಹಲ್ಲು ಕಚ್ಚಿಕೊಂಡು, ನಡೆಯುವವರಿಗಿಂತ ನಿಧಾನವಾಗಿ ತುಳಿಯುತ್ತ ಬಂದಳು. ನೋಡುತ್ತಾ ನನಗೆ ಕಣ್ಣು ತುಂಬಿ ಬಂದು ಫೋಕಸ್ಸು ತಪ್ಪಿತು. ಇದನ್ನು ಅವಳಿಗೆ ಹೇಳಿಲ್ಲ. ಅವಳು ಹತ್ತಿರ ಬಂದಾಗ, ಗೇರು ಸರಿಯಾಗಿ ಹಾಕಿದ್ದರೆ ಇನ್ನೂ ಬೇಗ ಬರಬಹುದಿತ್ತು ಅಂದೆ.

ಈಗ ನಮ್ಮವರ ಒಂದು ಪದ್ಧತಿ ಹೇಳಬೇಕು. ಬೇ ಏರಿಯಾದ ನಮ್ಮ ಬಳಗದಲ್ಲಿ ಯಾರೇ ಎಲ್ಲಿಗೇ ಹೋಗಿ ಬರಲಿ, ಬಂದ ಒಂದು ತಿಂಗಳೊಳಗೆ ಭಾನುವಾರದ ಊಟಕ್ಕೆ ಕರೆದು ಸ್ಲೈಡ್ ಶೋ ಮಾಡಬೇಕು. ಕಿಟಕಿಗಳಿಗೆ ಕಂಬಳಿ ಹೊದಿಸಿ, ಗೋಡೆಗೆ ಬಿಳೀ ಬೆಡ್‌ಶೀಟು ಕಟ್ಟಿ, ಪ್ರೊಜೆಕ್ಟರು ಕಟಕಟ ಅನ್ನಿಸುತ್ತಾ ಎಲ್ಲ ಸ್ಲೈಡುಗಳನ್ನೂ ತೋರಿಸಬೇಕು. ವಿವರಣೆ ಕೊಡುವವರು ಯಾವಾಗಲೂ ಗಂಡ. ಹೆಂಡತಿ ಅಡಿಗೆ ಮನೆಯಲ್ಲಿ ಕಾಫಿ ಮಾಡುತ್ತಿರುತ್ತಾಳೆ. ಯಾರೂ ಇದನ್ನು ಬರೆದಿಟ್ಟಿಲ್ಲ, ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತಿತ್ತು. ನಮ್ಮ ಭಾನುವಾರ ಅಕ್ಟೋಬರ್ ಹನ್ನೆರಡಕ್ಕೆ ನಿಗದಿಯಾಯಿತು.

"ವೇದವತಿ ಅವತ್ತೇ ಕೆಲಸದ ವಿಷಯ ಹೇಳ್ತಾರಂತೆ" ಅಂದಳು ಪ್ರಭಾ. "ಫೋನಲ್ಲಿ ನಾನೇನೂ ಹೇಳ್ಲಿಲ್ಲ. ನನ್ನ ಬಾಯಿಂದ ನಾನೇ ಹೇಳ್ಕೊಂಡ್ರೆ ಜಂಬ ಅನ್ಸತ್ತೆ. ಸ್ಲೈಡು ಹಾಕುವಾಗ ನೀವು ಇದ್ದದ್ದು ಇದ್ದ ಹಾಗೆ ಹೇಳಿಬಿಡಿ, ಸಾಕು."

"ಹೇಳ್ದೇ ಇರ್ತೀನಾ?" ಅಂದೆ.

ಗುರುವಾರ ಸಾಯಂಕಾಲ ಸ್ಲೈಡುಗಳನ್ನು ಜೋಡಿಸಲು ಕೂತೆ. ನೂರ ಎಂಬತ್ತು ಇದ್ದವು. ಅದರಲ್ಲಿ ನಲವತ್ತು ವ್ಯಾನಿನವು. ನಾನು ವ್ಯಾನಿನ ಮೆಟ್ಟಿಲ ಮೇಲೆ ಅನ್ನ ಕಲಸುತ್ತಿರುವುದು, ನಾನು ಮತ್ತು ಮಾರ್ಸೆಲ್ ಒಂದೇ ಛತ್ರಿ ಕೆಳಗೆ, ನಾನು ಸೂಟ್‌ಕೇಸಿಗೆ ಒರಗಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವುದು. ಇವನ್ನೆಲ್ಲ ಪ್ರಭಾ ತೆಗೆದಿದ್ದಳು. ಕಾರ್ಲ್‌ಗೆ ಆಗಲೇ 'ಅದ್ಭುತವಾಗಿತ್ತು, ಕಾಲು ಇನ್ನೂ ನೋಯ್ತಿದೆ' ಅಂದಾಗಿತ್ತು. ಇವು ಯಾರ ಕಣ್ಣಿಗೂ ಬೀಳಬಾರದು ಅಂತ ನಲವತ್ತನ್ನೂ ಕಾಗದದಲ್ಲಿ ಸುತ್ತಿ ಹೊರಗಿನ ಕಸದ ಡಬ್ಬಕ್ಕೆ ಹಾಕಿದೆ. ಶುಕ್ರವಾರ ಬೆಳಗ್ಗೆ ಕಸದ ಲಾರಿ ಬಂದು ತೆಗೆದುಕೊಂಡು ಹೋಯಿತು.

ಭಾನುವಾರ ನಾಲ್ಕು ಜನ ಬಂದರು. ವೇದವತಿ ಮತ್ತು ಅವರ ಗಂಡ ಆನಂದತೀರ್ಥ, ಅವರೂ ಡಾಕ್ಟರೇ. ಮಂಡ್ಯದ ಕಡೆಯ ಶಿವರಾಮು ಮತ್ತು ಅವರ ಹೆಂಡತಿ ಗೌರಮ್ಮ. ಶಿವರಾಮು ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರು, ಮನಸ್ಸಿಗೆ ಬಂದದ್ದನ್ನು ಕೇಳಿಬಿಡುವ ಮನುಷ್ಯ. ಬಿಸಿಬೇಳೆಬಾತು, ಆಂಬೊಡೆ, ಮೊಸರನ್ನ ಆಯಿತು. ಎರಡು ಗಂಟೆಗೆ ಕಂಬಳಿ ಇಳಿಬಿಟ್ಟು ಪ್ರೊಜೆಕ್ಟರ್ ಹಾಕಿದೆ. ಪ್ರಭಾ ಕಾಫಿಗೆ ಎದ್ದು ಹೋದಳು.

ಶುರುವಿನಲ್ಲಿ ನಾನು ಸುಳ್ಳು ಹೇಳಲಿಲ್ಲ. ನಮ್ಮ ಭಾಷೆಯೇ ನನ್ನನ್ನು ಕಾಪಾಡಿತು. 'ಹೊರಟ್ವಿ, ಹೊಡೆದ್ವಿ, ಹತ್ತಿದ್ವಿ, ಇಳಿದ್ವಿ' ಅಂತ ಇಬ್ಬರನ್ನೂ ಸೇರಿಸಿಕೊಂಡು ಹೋದೆ. ನದಿ ಮೇಲಿನ ಮಂಜು, ಕಲ್ಲಿನ ಸೇತುವೆ, ದ್ರಾಕ್ಷಿ ತೋಟ. ಪ್ರಭಾ ಸೈಕಲ್ ಮೇಲೆ. ಮತ್ತೆ ಪ್ರಭಾ ಸೈಕಲ್ ಮೇಲೆ. ಇಪ್ಪತ್ತನೇ ಸ್ಲೈಡಿಗೆ ಶಿವರಾಮು ಬಾಯಿ ಬಿಟ್ಟರು.

"ಅಲ್ಲ ಸ್ವಾಮಿ, ಎಲ್ಲಾದ್ರಲ್ಲೂ ಅಮ್ಮಾವ್ರೇ ಅವ್ರಲ್ಲ, ನೀವೆಲ್ಲಿ?"

"ಫೋಟೋ ತೆಗೆಯೋನು ಫೋಟೋದಲ್ಲಿ ಹೇಗ್ರೀ ಇರ್ತಾನೆ?" ಅಂದೆ. ಅದು ನಿಜವೇ.

"ಅದು ಸರಿ. ಆದ್ರೆ ಎಲ್ಲಾ ಮ್ಯಾಲಿಂದ ತೆಗ್ದಿದ್ದೀರಿ. ಅವ್ರು ಇನ್ನೂ ಹತ್ತತಾ ಅವ್ರೆ, ನೀವಾಗ್ಲೇ ತುದೀಲಿ ಅದೀರಿ."

ನಾನು ಸುಮ್ಮನೆ ನಕ್ಕೆ. ಆನಂದತೀರ್ಥರು ಆ ನಗುವನ್ನೇ ಉತ್ತರ ಅಂದುಕೊಂಡರು. "ನಂಜನಗೂಡು ಅಭ್ಯಾಸ ಅಂದ್ರೆ ಸುಮ್ನೇನಾ? ಮೊದಲು ಹತ್ತಿಬಿಟ್ಟು, ಪ್ರತಿ ದಿಬ್ಬದ ಮೇಲೂ ಹೆಂಡತಿಗೋಸ್ಕರ ಕಾದಿದ್ದಾರೆ. ತಾಳ್ಮೆ ಬೇಕು ಸಾರ್ ಅದಕ್ಕೆ" ಅಂದರು. ಗೌರಮ್ಮ ಹೌದೌದು ಅಂದರು. ನಾನು ಇಲ್ಲ ಅನ್ನಲಿಲ್ಲ. ಒಂದು ನಿಮಿಷದಲ್ಲಿ ಹೇಳೋಣ, ಈ ಸ್ಲೈಡು ಆಗಲಿ ಅಂದುಕೊಂಡೆ.

ಮುಂದಿನ ಸ್ಲೈಡು ದೋಮ್ ಊರಿನ ದ್ರಾಕ್ಷಿ ಚಪ್ಪರದ್ದು. ಅದರ ಎಡ ಮೂಲೆಯಲ್ಲಿ ಬಿಳೀ ವ್ಯಾನು ಅರ್ಧ ಕಾಣುತ್ತಿತ್ತು, ಬಾಗಿಲು ತೆರೆದಿತ್ತು. ಗುರುವಾರ ನನ್ನ ಕಣ್ಣು ತಪ್ಪಿಸಿಕೊಂಡದ್ದು ಅದೊಂದು.

"ಆ ವ್ಯಾನು ಯಾಕೆ?" ಅಂತ ವೇದವತಿ ಕೇಳಿದರು.

"ಲಗೇಜಿಗೆ. ಮತ್ತೆ ತುಳಿಯೋಕೆ ಆಗದೇ ಇದ್ದವರನ್ನ ಹತ್ತಿಸ್ಕೊಳ್ಳೋಕೆ."

"ಯಾರಾದ್ರೂ ಹತ್ತಿದ್ರಾ?"

ಇಲ್ಲಿ ನನಗೆ ದಾರಿ ಸರಾಗವಾಗಿತ್ತು. ನಾನೇ ಹತ್ತಿದೆ ಅಂದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಎರಡು ವಾರ ರೇಗಿಸುತ್ತಿದ್ದರು, ಅಷ್ಟೇ. ಯಾರೂ ಹತ್ತಲಿಲ್ಲ ಅಂತ ಅಂದಿದ್ದರೂ ಯಾರಿಗೂ ಕೆಡುಕಾಗುತ್ತಿರಲಿಲ್ಲ. ನನ್ನ ಬಾಯಿಗೆ ಅದೇನು ಬಂತೋ.

"ಪ್ರಭಾ ಆಗಾಗ..." ಅಂದೆ.

ಅಂದ ಮೇಲೆ ನೋಡಿದರೆ ಅವಳು ಕಾಫಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಪ್ರೊಜೆಕ್ಟರಿನ ಬೆಳಕು ಅವಳ ಮುಖದ ಅರ್ಧಕ್ಕೆ ಬಿದ್ದಿತ್ತು. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ನಮ್ಮಮ್ಮ ದಿನಕ್ಕೆರಡು ಸಲ ನನಗೇ ಹೇಳುತ್ತಿದ್ದರು.

ಗೌರಮ್ಮ ಪಾಪ ಅಂದರು. ವೇದವತಿ ಕತ್ತು ತಿರುಗಿಸಿ ಪ್ರಭಾನ ನೋಡಿ, ತುಂಬಾ ಮೆತ್ತಗೆ ಮಾತಾಡಿದರು. "ಅದರಲ್ಲಿ ಬೇಜಾರು ಮಾಡ್ಕೊಳ್ಳೋಕೆ ಏನಿದೆ ಪ್ರಭಾ, ಅಷ್ಟಾದ್ರೂ ಮಾಡಿದ್ರಲ್ಲ. ಈ ಸೇತುವೆ ರಗಳೆ ಬೇಡ ಬಿಡಿ. ಚಳಿಗಾಲ ಬೇರೆ ಬರ್ತಾ ಇದೆ. ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ನೆವಾರ್ಕಲ್ಲೇ ನಿಮಗೆ ಏನಾದ್ರೂ ಸಿಗತ್ತೆ."

ಪ್ರಭಾ ಬಂದು ಟ್ರೇಯನ್ನು ಟೀಪಾಯಿ ಮೇಲೆ ಇಟ್ಟು, ಕಪ್ಪುಗಳ ಹಿಡಿಯನ್ನೆಲ್ಲ ಅತಿಥಿಗಳ ಕಡೆ ತಿರುಗಿಸಿದಳು. ಆ ಕೈಗಳನ್ನು ನೋಡಿ ನಾನು ಎದ್ದು ದೀಪ ಹಾಕಿದೆ.

"ಕೇಳಿ ಇಲ್ಲಿ. ನಾನು ಈಗ ಹೇಳಿದ್ದು ಸುಳ್ಳು. ವ್ಯಾನಲ್ಲಿ ಕೂತಿದ್ದೋನು ನಾನು. ಮೊದಲನೇ ದಿನ ಹನ್ನೊಂದು ಮೈಲಿ ತುಳಿದು ಹತ್ತಿದೋನು ಕೊನೇವರೆಗೂ ಇಳೀಲಿಲ್ಲ. ಇನ್ನೂರ ಹತ್ತು ಮೈಲೀನೂ ಪ್ರಭಾನೇ ತುಳಿದಿದ್ದು. ಒಂದು ಸಲಾನೂ ವ್ಯಾನ್ ಹತ್ತಲಿಲ್ಲ."

ಆನಂದತೀರ್ಥರು ತೊಡೆ ತಟ್ಟಿಕೊಂಡು ನಗುವುದಕ್ಕೆ ಶುರುಮಾಡಿದರು.

"ಭೇಷ್ ದ್ವಾರಕಾ. ಹೆಂಡತಿ ಮುಖ ಸಣ್ಣಗಾಗಿದ್ದು ನೋಡಿ ತಪ್ಪೆಲ್ಲ ತನ್ನ ಮೇಲೇ ಎಳ್ಕೊಂಡ್ರಲ್ಲ. ಜೆಂಟಲ್‌ಮನ್ ಅಂದ್ರೆ ಇವರು."

"ಇಲ್ಲಾ ಸಾರ್, ನಿಜವಾಗ್ಲೂ. ನನಗೆ ಕೂರೋ ಜಾಗದಲ್ಲಿ ಗುಳ್ಳೆ ಆಗಿತ್ತು."

ಅದಕ್ಕೂ ನಕ್ಕರು. ವೇದವತಿ ಪ್ರಭಾ ಕಡೆ ತಿರುಗಿ, "ಪುಣ್ಯ ಮಾಡಿದ್ರಿ ಕಣ್ರೀ. ನಮ್ಮನೇವ್ರಾಗಿದ್ರೆ ನಾನು ವ್ಯಾನ್ ಹತ್ತಿದ್ದನ್ನ ಊರಿಗೆಲ್ಲ ಡಂಗುರ ಹೊಡೀತಿದ್ರು" ಅಂದರು. ನಾನು ಶಿವರಾಮು ಕಡೆ ನೋಡಿದೆ. ಈ ಮನುಷ್ಯನಾದರೂ ನಂಬಬೇಕಲ್ಲ, ಮೊದಲು ಅನುಮಾನ ಪಟ್ಟವರೇ ಅವರು.

"ಬಿಡಿ ಸ್ವಾಮಿ, ಯಾರಿಗ್ ಹೇಳ್ತೀರಿ. ನಂಜನಗೂಡು ಕತೆ ನಮಗೆ ಕಮ್ಮಿ ಅಂದ್ರೂ ಇಪ್ಪತ್ತು ಸಲ ಹೇಳಿದ್ದೀರಿ" ಅಂದರು ಅವರು.

"ಅದೂ ಸುಳ್ಳು. ಒಂದೇ ಸಲ ಹೋಗಿದ್ದು. ಬಸ್ಸಲ್ಲಿ ವಾಪಸ್ಸು ಬಂದೆ."

ಗೌರಮ್ಮ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ವ್ಯಾನಿನ ಸ್ಲೈಡು ತೋರಿಸೋಣ ಅಂದರೆ ಅವು ಕಸದ ಲಾರಿಯಲ್ಲಿ ಹೋಗಿ ಎರಡು ದಿನ ಆಗಿತ್ತು. ಹದಿನೇಳು ವರ್ಷ ಒಂದೊಂದಾಗಿ ಕಟ್ಟಿದ ಬಡಾಯಿ ಈಗ ಕೆಡವುತ್ತೇನೆ ಅಂದರೂ ಬೀಳುತ್ತಿಲ್ಲ. ನಾನು ನಿಜ ಹೇಳಿದಷ್ಟೂ ದೊಡ್ಡ ಮನುಷ್ಯನಾಗುತ್ತಾ ಹೋದೆ. ಕೊನೆಗೆ ಬಾಯಿ ಮುಚ್ಚಿಕೊಂಡು ಕೂತೆ.

"ಕಾಫಿ ಆರತ್ತೆ, ತಗೊಳ್ಳಿ" ಅಂದಳು ಪ್ರಭಾ.

ನಾಲ್ಕೂವರೆಗೆ ಎಲ್ಲರೂ ಹೊರಟರು. ನಾನು ಕಿಟಕಿಯ ಕಂಬಳಿಗಳನ್ನು ತೆಗೆದು ಮಡಿಸಿ, ಅಡಿಗೆ ಮನೆಗೆ ಹೋಗಿ ಒಣ ಬಟ್ಟೆ ಹಿಡಿದು ನಿಂತೆ. ಅವಳು ತೊಳೆದ ಪಾತ್ರೆಗಳನ್ನು ನನ್ನ ಕೈಗೆ ಕೊಡದೆ ಪಕ್ಕದಲ್ಲಿ ಬೋರಲು ಹಾಕುತ್ತಿದ್ದಳು.

"ತಪ್ಪಾಯ್ತು ಪ್ರಭಾ. ಯಾಕೆ ಹಾಗಂದೆ ಅಂತ ನನಗೇ ಗೊತ್ತಿಲ್ಲ. ಈಗಲೇ ವೇದವತಿಗೆ ಫೋನ್ ಮಾಡ್ತೀನಿ. ಆಣೆ ಇಟ್ಟು ಹೇಳ್ತೀನಿ."

"ಬೇಡ."

"ಮತ್ತೆ ನೀನಾದ್ರೂ ಅಲ್ಲೇ ಹೇಳಬೇಕಾಗಿತ್ತು, ಹೌದು ಇವರೇ ವ್ಯಾನಲ್ಲಿದ್ದದ್ದು ಅಂತ."

ಅವಳು ನಲ್ಲಿ ನಿಲ್ಲಿಸಿದಳು. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು.

"ನೀವು ಸುಳ್ಳು ಹೇಳೋದು ನನಗೆ ಹೊಸದಲ್ಲ ರೀ. ಮದುವೆ ಆದಾಗಿಂದ ನೋಡ್ತಾ ಇದ್ದೀನಿ, ಅದರಿಂದ ಯಾರಿಗೂ ಏನೂ ಆಗ್ತಿರಲಿಲ್ಲ. ನನಗೆ ಸಂಕಟ ಆಗಿದ್ದು ಅದಕ್ಕಲ್ಲ. ಪ್ರಭಾ ಕೈಲಿ ಆಗ್ಲಿಲ್ಲ ಅಂದ ತಕ್ಷಣ ನಾಲ್ಕು ಜನಾನೂ ನಂಬಿದ್ರು. ಒಬ್ಬರಿಗೂ ಒಂದು ಅನುಮಾನ ಬರ್ಲಿಲ್ಲ. ಪ್ರಭಾ ಕೈಲಿ ಆಯ್ತು ಅಂದಾಗ ನಕ್ಕರು. ಇನ್ನು ನಾನು ಬೇರೆ ಬಾಯಿ ಬಿಟ್ಟು ನಗೆಪಾಟಲಾಗಬೇಕಿತ್ತಾ?"

ಅವಳು ನನ್ನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಂಡು ಗರಾಜಿಗೆ ಹೋದಳು. ಸ್ವಲ್ಪ ಹೊತ್ತಿಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಶಬ್ದ ಕೇಳಿಸಿತು. ಬೇಜಾರಾದಾಗ ಅವಳು ಕೊಯೋಟಿ ಹಿಲ್ಸ್ ಕಡೆ ಹೋಗುವುದುಂಟು, ಹೋಗಿ ಬರಲಿ ಅಂದುಕೊಂಡೆ. ಆದರೆ ಅವತ್ತು ಅವಳು ಎಲ್ಲಿಗೂ ಹೋಗಲಿಲ್ಲ.

ಸೋಮವಾರ ಎಂದಿನಂತೆ ಆರೂ ಕಾಲಿಗೆ ಮನೆ ಬಿಟ್ಟು ಬಾರ್ಟ್ ರೈಲು ಹಿಡಿದೆ. ಆಗ ಅವಳು ಒಗ್ಗರಣೆ ಹಾಕುತ್ತಿದ್ದಳು, ನನ್ನ ಕಡೆ ತಿರುಗಿ ನೋಡಲಿಲ್ಲ. ಆಫೀಸು ತಲುಪಿ ಕೋಟು ತೆಗೆಯುವುದರೊಳಗೆ ಡೆಸ್ಕಿನ ಫೋನು ಹೊಡೆದುಕೊಂಡಿತು. ವೇದವತಿ.

"ಏನ್ರೀ ದ್ವಾರಕಾನಾಥ್, ಪ್ರಭಾ ಇಲ್ಲಿ ಬಂದಿದ್ದಾರೆ. ಸೈಕಲ್ಲಲ್ಲಿ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ನಾನು ಕ್ಲಿನಿಕ್ ಬಾಗಿಲು ತೆಗೆಯೋಕೆ ಬಂದ್ರೆ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿಂದ ಕಾಫಿ ಕುಡೀತಾ ಇದ್ದಾರೆ. ಎಂಟು ಗಂಟೆಗೇ ಬಂದ್ರಂತೆ. ಸೇತುವೆ ತನಕ ನೀವು ಕಾರಲ್ಲಿ ಬಿಟ್ರಾ?"

"ಇಲ್ಲ."

"ಮತ್ತೆ ಹಿಂದೆ ಕಾರಲ್ಲಿ ಬಂದ್ರಾ?"

"ನಾನು ವಾಲ್ನಟ್ ಕ್ರೀಕಲ್ಲಿ ಇದ್ದೀನಿ ಡಾಕ್ಟ್ರೇ. ನೀವೇ ಅಲ್ವಾ ಫೋನ್ ಮಾಡಿದ್ದು."

ಆ ಕಡೆ ಅವರ ದನಿ ಬೇರೆಯಾಯಿತು. "ಹಾಗಾದ್ರೆ ನಿನ್ನೆ ನೀವು ದೀಪ ಹಾಕಿ ಹೇಳಿದ್ರಲ್ಲ..."

"ಅದೇ ನಿಜ."

"ವ್ಯಾನಲ್ಲಿ ನೀವೇ?"

"ನಾನೇ. ಒಂಬತ್ತು ದಿನ."

ನಗುತ್ತಾರೆ ಅಂದುಕೊಂಡು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ನಕ್ಕರೆ ನಗಲಿ, ಇವತ್ತು ಸಾಯಂಕಾಲದೊಳಗೆ ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ ಒಬ್ಬೊಬ್ಬ ಕನ್ನಡಿಗನೂ ನಗಲಿ, ನನಗೆ ಬರಬೇಕಾದ್ದೇ ಅದು. ವೇದವತಿ ನಗಲಿಲ್ಲ.

"ಅವರು ನಿನ್ನೆ ಅಲ್ಲೇ ನಿಂತಿದ್ರು, ಕೈಯಲ್ಲಿ ಟ್ರೇ ಹಿಡ್ಕೊಂಡು" ಅಂದರು. "ನಾನು ನಿಮ್ಮನ್ನ ಕೇಳಿದೆ. ನಿಮ್ಮ ಮಾತು ನಂಬಿದೆ, ಆಮೇಲೆ ನಿಮ್ಮ ಮಾತೇ ನಂಬಲಿಲ್ಲ. ಎರಡು ಮಾರು ದೂರದಲ್ಲಿ ನಿಂತಿದ್ದೋರನ್ನ, ನೀವೇ ಹೇಳಿ ಪ್ರಭಾ ಅಂತ ಒಂದು ಮಾತು ಕೇಳಲಿಲ್ವಲ್ಲ ನಾನು."

"ನಾನೂ ಅವಳನ್ನ ಕೇಳ್ಕೊಂಡು ಹೇಳ್ಲಿಲ್ಲ" ಅಂದೆ.

"ನಿಮ್ಮ ವಿಷಯ ಬೇರೆ, ನಿಮ್ಮನ್ನ ಅವರು ನೋಡ್ಕೋತಾರೆ. ನನ್ನ ವಿಷಯ ನಾನು ಈಗ ಹೋಗಿ ಅವರ ಹತ್ತಿರ ಮಾತಾಡ್ಬೇಕು."

"ಅವಳನ್ನ ಒಂದ್ನಿಮಿಷ ಕರೀತೀರಾ?"

ಅವರು ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ದೂರದಲ್ಲಿ ಇಬ್ಬರು ಹೆಂಗಸರ ದನಿ, ಏನಂತ ತಿಳಿಯಲಿಲ್ಲ. ನಡುವೆ ಒಂದು ಸಲ ಪ್ರಭಾ ನಕ್ಕದ್ದು ಕೇಳಿಸಿತು. ನಾನು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಏನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ. ದೋಮ್ ದಿಬ್ಬದಲ್ಲಿ ನನಗೆ ಕಣ್ಣು ತುಂಬಿ ಬಂದದ್ದನ್ನು ಹೇಳಬೇಕು ಅಂತಿತ್ತು. ವೇದವತಿಯೇ ವಾಪಸು ಬಂದರು.

"ಈಗ ಬರೋಕಾಗಲ್ವಂತೆ. ಮೊದಲನೇ ಪೇಷಂಟು ಬಂದಿದ್ದಾರೆ, ಫ್ರಂಟ್ ಡೆಸ್ಕಲ್ಲಿ ಕೂತು ಅವರ ಹೆಸರು ಬರ್ಕೋತಾ ಇದ್ದಾರೆ" ಅಂದರು.